ಹೈಕು ಬೀಟಾ 5: ಕಾಫಿ ಚೀಟಿ ಇಡೋಕೆ ಸೂಪರ್, ಕನ್ನಡಕ್ಕೆ ಮಾತ್ರ ಇನ್ನೂ ಆಗಿಲ್ಲ

ನಮ್ದು ಮೂಡಿಗೆರೆ ಕಡೆ ತೋಟ. ಲ್ಯಾಪ್‌ಟಾಪ್ ಚಿಕ್ಕಮಗಳೂರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಹಳೇ ಥಿಂಕ್‌ಪ್ಯಾಡು, 4 ಜಿಬಿ ರ‍್ಯಾಮು, ಬ್ಯಾಟರಿ ಸತ್ತು ಎರಡು ವರ್ಷ ಆಯ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ಮುಗೀತು, 11 ಇದಕ್ಕೆ ಹತ್ತಲ್ಲ ಅಂತು, ಇನ್ನೇನು ಗುಜರಿಗೆ ಹಾಕೋದು ಅಂತಿದ್ದವನು ಹೋಗ್ಲಿ ಕೊನೇಗೊಂದ್ಸಲ ಅಂತ ಪೆನ್‌ಡ್ರೈವಲ್ಲಿ ಹೈಕು ಅನ್ನೋ ಫ್ರೀ ಆಪರೇಟಿಂಗ್ ಸಿಸ್ಟಮ್ ಹಾಕಿ ನೋಡ್ದೆ. ಅದಾದ್ಮೇಲೆ ಪೂರ್ತಿ ಕಾಫಿ ಕೊಯ್ಲು ಇದ್ರಲ್ಲೇ ಕಳೆದಿದೀನಿ, ಅದಕ್ಕೇ ಈ ರಿವ್ಯೂ.

ಲಿನಕ್ಸಾ ಅಂತ ಎಲ್ರೂ ಕೇಳ್ತಾರೆ. ಅಲ್ಲ, ಸಿಸ್ಟಮಿನ ಒಳತಿರುಳು, ಅಂದ್ರೆ ಕರ್ನಲ್ಲೇ ಬೇರೆ. ತೊಂಬತ್ತರ ದಶಕದಲ್ಲಿ ಬಿಓಎಸ್ ಅಂತ ಒಂದು ಆಪರೇಟಿಂಗ್ ಸಿಸ್ಟಮ್ ಇತ್ತು, ಅದನ್ನ ಮಾಡಿದ ಕಂಪನಿ 2001ರಲ್ಲಿ ಆಸ್ತಿಯೆಲ್ಲಾ ಪಾಮ್ ಅನ್ನೋ ಕಂಪನಿಗೆ ಮಾರ್ತು, ಅದೇ ವರ್ಷ ಅದರ ಅಭಿಮಾನಿಗಳು ಕೂತ್ಕೊಂಡು ಹೊಸದಾಗಿ ಬರೆಯೋಕೆ ಶುರು ಮಾಡಿದ್ರು. ಮೊದಲ ಬೀಟಾ, ಅಂದ್ರೆ ಪರೀಕ್ಷೆಗೆ ಬಿಡೋ ಆವೃತ್ತಿ, ಬಂದಿದ್ದೇ 2018ರಲ್ಲಿ! ಬೀಟಾ 4 ಬಂದಿದ್ದು 2022ರ ಡಿಸೆಂಬರು, ನಾನು ಹಾಕಿರೋ ಬೀಟಾ 5 2024ರ ಸೆಪ್ಟೆಂಬರು. ನಿಧಾನ ಅಂದ್ರೆ ನಿಧಾನ, ಒಪ್ಕೋತೀನಿ.

ಆದ್ರೆ ಆ ನಿಧಾನದೊಳಗೆ ಏನು ನಡೀತಿದೆ ಅಂತ ನೋಡಿದ್ರೆ ಮಜಾ ಇದೆ. ಬೀಟಾ 4ರಲ್ಲಿ ಫೋಲ್ಡರೊಳಗೆ ಫೋಟೋ ಚಿಕ್ಕದಾಗಿ ಕಾಣೋ ಹಾಗಾಯ್ತು, ಯುಎಸ್‌ಬಿ ವೈಫೈ ಕಡ್ಡಿಗಳು ಕೆಲಸ ಮಾಡೋಕೆ ಶುರುವಾದ್ವು. ಬೀಟಾ 5ರಲ್ಲಿ ಬಣ್ಣ ಬದಲಾಯಿಸೋದು ಸುಲಭ ಆಯ್ತು, ಮುಖ್ಯವಾದ ಕೆಲವೇ ಬಣ್ಣ ನಾವು ಆರಿಸಿದ್ರೆ ಉಳಿದಿದ್ದು ಅದೇ ಹೊಂದಿಸ್ಕೊಳ್ಳುತ್ತೆ, ರಾತ್ರಿ ಡಾರ್ಕ್ ಮಾಡ್ಕೊಂಡು ಕೂರಬಹುದು. ನೆಟ್‌ವರ್ಕ್ ಕೋಡ್ ತಿದ್ದಿದಾರೆ, ಡೌನ್‌ಲೋಡ್ ಚುರುಕಾಗಿದೆ. ಆಮೇಲೆ 2025ರಲ್ಲಿ ನೈಟ್ಲಿ ಬಿಲ್ಡಲ್ಲಿ (ಬಿಡುಗಡೆಗೆ ಮುಂಚಿನ ದಿನದಿನದ ಆವೃತ್ತಿ) ಮೆಮೊರಿ ಹಂಚೋ ಹಳೇ ಕೋಡೇ ತೆಗೆದು, ಓಪನ್‌ಬಿಎಸ್‌ಡಿ ಅನ್ನೋ ಇನ್ನೊಂದು ಸಿಸ್ಟಮಿನವರ ಅದೇ ಕೆಲಸದ ಕೋಡ್, ಮ್ಯಾಲಾಕ್ ಅಂತಾರೆ, ತಂದು ಕೂರಿಸಿದ್ರು. ಇಂಥದ್ದು ಪೋಸ್ಟರ್ ಮೇಲೆ ಹಾಕೋ ಫೀಚರ್ ಅಲ್ಲ, ತೋಟದಲ್ಲಿ ಕಂಬಚಿಗುರು, ಅಂದ್ರೆ ಕಾಫಿ ಗಿಡದ ಕಾಂಡದಲ್ಲಿ ಬರೋ ಬೇಡದ ಚಿಗುರು, ತೆಗೆಯೋ ಥರ, ಮಾಡಿದ್ರೆ ಯಾರಿಗೂ ಕಾಣಲ್ಲ, ಮಾಡ್ದೆ ಬಿಟ್ರೆ ಮುಂದಿನ ವರ್ಷ ಫಸಲಲ್ಲಿ ಗೊತ್ತಾಗುತ್ತೆ.

ನನಗೆ ಹಿಡಿಸಿದ್ದು ಎರಡು. ಒಂದು ಬೂಟ್. ಎಸ್‌ಎಸ್‌ಡಿ ಹಾಕಿದೀನಿ, ಬಟನ್ ಒತ್ತಿ ಕನ್ನಡಕ ಒರೆಸಿಕೊಳ್ಳೋದ್ರೊಳಗೆ ಡೆಸ್ಕ್‌ಟಾಪ್ ಬಂದಿರುತ್ತೆ. ನಮ್ಮ ಕಡೆ ಮಳೆ ಹಿಡೀತು ಅಂದ್ರೆ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತೆ ಅಂತ ಲೆಕ್ಕ ಇಡೋರಿಲ್ಲ, ಬ್ಯಾಟರಿ ಇಲ್ಲದ ಮೆಷಿನ್ನು ಟಪ್ ಅಂತ ಆಫ್. ಇದರ ಫೈಲ್‌ಸಿಸ್ಟಮ್ (ಡಿಸ್ಕಲ್ಲಿ ಫೈಲ್ ಜೋಡಿಸಿಡೋ ವ್ಯವಸ್ಥೆ) ಜರ್ನಲ್, ಅಂದ್ರೆ ಮಾಡೋ ಬದಲಾವಣೆಗಳ ದಾಖಲೆ, ಇಟ್ಕೊಂಡಿರೋದ್ರಿಂದ ಡಿಸ್ಕ್ ಚೆಕ್ ಮಾಡ್ತೀನಿ ಕಾಯಿರಿ ಅನ್ನೋ ಗೋಳಿಲ್ಲ, ಸೀದಾ ಎದ್ದು ಕೂರುತ್ತೆ. ಸೇವ್ ಮಾಡದೆ ಇದ್ದಿದ್ದು ಹೋಗುತ್ತೆ ಅಷ್ಟೆ, ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ.

ಎರಡನೇದೇ ಅಸಲಿ ವಿಷಯ. ಇದ್ರಲ್ಲಿ ಫೈಲಿಗೆ ನಾವೇ ಬೇಕಾದ ವಿವರ ಅಂಟಿಸಬಹುದು, ಅಟ್ರಿಬ್ಯೂಟ್ ಅಂತಾರೆ. ಕಾಫಿ ವ್ಯಾಪಾರಿ ಕೊಡೋ ತೂಕದ ಚೀಟಿ ಇದೆಯಲ್ಲ, ಅದರ ಫೋಟೋ ತೆಗೆದು ಒಂದು ಫೋಲ್ಡರಿಗೆ ಹಾಕ್ತೀನಿ, ಪ್ರತಿಯೊಂದಕ್ಕೂ ಚೆರಿಯೋ (ಹಣ್ಣು ಹಾಗೇ ಒಣಗಿಸಿದ್ದು) ಪಾರ್ಚ್‌ಮೆಂಟೋ (ಸಿಪ್ಪೆ ಸುಲಿದು ಒಣಗಿಸಿದ್ದು), ಎಷ್ಟು ಕೆಜಿ, 50 ಕೆಜಿ ಮೂಟೆಗೆ ಏನು ರೇಟು, ದುಡ್ಡು ಬಂತಾ ಇಲ್ವಾ ಅಂತ ಕಾಲಂ ಮಾಡಿದೀನಿ. ಎಕ್ಸೆಲ್ ಬೇಡ, ಸಾಫ್ಟ್‌ವೇರ್ ಬೇಡ, ಫೋಲ್ಡರೇ ಲೆಕ್ಕದ ಪುಸ್ತಕ. ದುಡ್ಡು ಬರದೆ ಇರೋ ರೋಬಸ್ಟಾ ಚೆರಿ ಚೀಟಿ ಮಾತ್ರ ತೋರ್ಸು ಅಂತ ಕ್ವೆರಿ ಹಾಕಿ ಕಿಟಕಿ ತೆರೆದಿಟ್ರೆ, ದುಡ್ಡು ಬಂತು ಅಂತ ಗುರುತು ಮಾಡಿದ ತಕ್ಷಣ ಆ ಚೀಟಿ ಅಲ್ಲಿಂದ ತಾನಾಗೇ ಮಾಯ. ಅಪ್ಪ ಹಿಂದೆ ನಿಂತು ನೋಡಿ "ಎಂತದೋ ಅದು, ಚೀಟಿ ಕಳೀತಾ?" ಅಂತ ಗಾಬರಿ ಬಿದ್ರು.

ಒಂದು ಎಡವಟ್ಟು ಮಾಡ್ಕೊಂಡೆ, ನೀವು ಮಾಡ್ಬೇಡಿ. ಹುಡುಕೋ ಅಟ್ರಿಬ್ಯೂಟಿಗೆ ಮೊದಲೇ ಇಂಡೆಕ್ಸ್, ಅಂದ್ರೆ ಹುಡುಕೋಕೆ ಬೇಕಾದ ಪಟ್ಟಿ, ಮಾಡಿರಬೇಕು, ಟರ್ಮಿನಲ್‌ನಲ್ಲಿ ಎಂಕೆಇಂಡೆಕ್ಸ್ ಅಂತ ಕಮಾಂಡ್ ಇದೆ. ನಾನು ನಲವತ್ತು ಚೀಟಿ ತುಂಬಿಸಿದ್ಮೇಲೆ ಇಂಡೆಕ್ಸ್ ಮಾಡ್ದೆ, ಹುಡುಕಿದ್ರೆ ಒಂದೂ ಸಿಗ್ಲಿಲ್ಲ, ಯಾಕಂದ್ರೆ ಹಳೇ ಫೈಲುಗಳನ್ನ ಅದು ತಾನಾಗೇ ಸೇರಿಸ್ಕೊಳ್ಳಲ್ಲ. ರೀಇಂಡೆಕ್ಸ್ ಅಂತ ಇನ್ನೊಂದು ಕಮಾಂಡ್ ಇದೆ ಅಂತ ಗೊತ್ತಾಗೋಕೆ ಒಂದು ಸಂಜೆ ಪೂರ್ತಿ ಹೋಯ್ತು.

ಈಗ ಹೊಟ್ಟೆ ಉರಿಯೋ ವಿಷಯ. ಕನ್ನಡ. ಅಕ್ಷರ ಕೂಡಿಸೋ ಕೆಲಸ ಇದರ ಆಪ್ ಸರ್ವರ್ (ಪರದೆ ಮೇಲೆ ಎಲ್ಲಾ ಬಿಡಿಸೋ ಭಾಗ) ಮಾಡಲ್ಲ, ಹಾಗಾಗಿ ಚಿಕ್ಕಮಗಳೂರು ಅಂತ ಫೈಲಿಗೆ ಹೆಸರಿಟ್ರೆ ಒತ್ತು ಕೆಳಗೆ ಇಳಿಯೋದೇ ಇಲ್ಲ, ಎರಡು ಕ ಜಗಳ ಆಡಿದೋರ ಥರ ಅಕ್ಕಪಕ್ಕ ನಿಂತಿರುತ್ವೆ. ಜೊತೆಗೆ ಬರೋ ವೆಬ್‌ಪಾಸಿಟಿವ್ ಬ್ರೌಸರಲ್ಲೂ ಇದೇ ಕಥೆ. ಐಸ್‌ವೀಸಲ್ ಅನ್ನೋ ಹೆಸರಲ್ಲಿ ಫೈರ್‌ಫಾಕ್ಸ್ ಸಿಗುತ್ತೆ, 64 ಬಿಟ್‌ಗೆ ಮಾತ್ರ, ಅದು ಅಕ್ಷರ ಕೂಡಿಸೋ ಸಾಮಾನು ತನ್ನ ಜೊತೆಗೇ ತರೋದ್ರಿಂದ ಅದ್ರಲ್ಲಿ ಕನ್ನಡ ಚೆನ್ನಾಗಿ ಬರುತ್ತೆ, ನ್ಯೂಸ್ ಎಲ್ಲ ಅದ್ರಲ್ಲೇ ಓದ್ತೀನಿ. ಚೀಟಿ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ. ಇಷ್ಟೆಲ್ಲಾ ತಿದ್ದೋರು ಇದನ್ನೂ ಒಂದಿನ ತಿದ್ತಾರೆ ಅಂತ ಕಾಯ್ತಿದೀನಿ, ಕೋಡ್ ಬರೆಯೋಕೆ ಬರೋ ಕನ್ನಡದ ಹುಡುಗ್ರು ಯಾರಾದ್ರೂ ಕೈ ಹಾಕಿದ್ರೆ ಒಂದು ಮೂಟೆ ಕಾಫಿ ನನ್ ಕಡೆಯಿಂದ. ಸರಿ, ಮೂಟೆ ಬೇಡ, ಐದು ಕೆಜಿ ಪುಡಿ.

ಉಳಿದಂಗೆ, ಮುಚ್ಚಳ ಮುಚ್ಚಿದ್ರೆ ಮಲಗಲ್ಲ, ಆಫೇ ಮಾಡ್ಬೇಕು. ಗ್ರಾಫಿಕ್ಸ್ ಭಾರ ಎಲ್ಲಾ ಪ್ರೊಸೆಸರ್ ಮೇಲೇ. ಟ್ಯಾಲಿ ಓಡಲ್ಲ, ಆಡಿಟರ್ ಹತ್ರ ಹೋಗೋ ಲೆಕ್ಕ ಇದ್ರಲ್ಲಿ ಮಾಡೋಕೆ ಹೋಗ್ಬೇಡಿ. ಪ್ಯಾಕೇಜ್ ಏನಾದ್ರೂ ತಪ್ಪು ತೆಗೆದು ಕೆಡಿಸ್ಕೊಂಡ್ರೆ ಬೂಟ್ ಮೆನುವಲ್ಲಿ ಹಿಂದಿನ ಸ್ಥಿತಿ ಆರಿಸಬಹುದು, ನನಗಂತೂ ಎರಡು ಸಲ ಮರ್ಯಾದೆ ಉಳಿಸಿದೆ.

ನಾಲ್ಕು ಸ್ಟಾರ್, ಒಂದು ಕಿತ್ಕೊಂಡಿದ್ದು ಒತ್ತಕ್ಷರಕ್ಕೆ. ಹಾಕೋರಿಗೆ ಇನ್ನೊಂದು ಮಾತು, ಚೀಟಿಗಳನ್ನ ಮಾಮೂಲಿ ಪೆನ್‌ಡ್ರೈವಿಗೆ ಹಾಗೇ ಕಾಪಿ ಮಾಡಿದ್ರೆ ಫೋಟೋ ಮಾತ್ರ ಕಾಪಿ ಆಗುತ್ತೆ, ಅಂಟಿಸಿರೋ ತೂಕ ರೇಟು ಎಲ್ಲಾ ಉದುರಿ ಹೋಗುತ್ತೆ, ಹೈಕುದಲ್ಲೇ ಜಿಪ್ ಮಾಡಿ ಆಮೇಲೆ ಹಾಕಿ.