ನಮೀಬಿಯಾದಲ್ಲಿ ಹತ್ತು ರಾತ್ರಿ: ಇಟೋಶಾಗೆ ಎಷ್ಟು, ಮರಳಿಗೆ ಎಷ್ಟು?

ಹೋಗುವ ಮೂರು ತಿಂಗಳ ಮೊದಲಿಂದಲೂ ಮನೆಯಲ್ಲಿ ಒಂದೇ ಜಗಳ. ಇರುವುದು ಹತ್ತು ರಾತ್ರಿ. ನನ್ನ ಗಂಡನಿಗೆ ಫೋಟೋದಲ್ಲಿ ನೋಡಿದ ಕೆಂಪು ಮರಳುದಿಬ್ಬಗಳ ಹುಚ್ಚು. ನನಗೆ ಪ್ರಾಣಿ ಬೇಕು. ನಮ್ಮ ಅತ್ತೆಗೆ 66 ವರ್ಷ, ಮಂಡಿನೋವು. ಅವರು ಕೇಳಿದ್ದು ಒಂದೇ: "ಕೂತ್ಕೊಳೋಕೆ ಜಾಗ ಇರುತ್ತಾ?"

ಕೊನೆಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹಂಚಿಕೊಂಡೆವು. ರಾಜಧಾನಿ ವಿಂಡ್‌ಹುಕ್ ಊರಿಗೆ ಹೋಗುವಾಗ ಒಂದು, ಬರುವಾಗ ಒಂದು ರಾತ್ರಿ. ನಮೀಬ್-ನೌಕ್ಲುಫ್ಟ್ ಪಾರ್ಕಿಗೆ ಎರಡು, ಸಮುದ್ರ ತೀರದ ಸ್ವಾಕೊಪ್‌ಮುಂಡ್‌ಗೆ ಎರಡು, ಪ್ರಾಣಿಗಳ ಕಾಡಾದ ಇಟೋಶಾಗೆ ನಾಲ್ಕು. ಆಗಸ್ಟ್ ತಿಂಗಳು. ಅಲ್ಲಿ ಅದು ಒಣಗಾಲ, ರಾತ್ರಿ ಗಡಗಡ ಚಳಿ. ಕಾರು ಬಾಡಿಗೆಗೆ ತೆಗೆದುಕೊಂಡು ನಾವೇ ಓಡಿಸಿದೆವು. ನಮ್ಮ ಹಾಗೆ ಅಲ್ಲೂ ಎಡಗಡೆಯೇ ಓಡಿಸುವುದು, ಅದೊಂದು ಸಮಾಧಾನ. ಆದರೆ ನಮ್ಮ ಕರ್ನಾಟಕದ ನಾಲ್ಕರಷ್ಟಿರುವ ದೇಶದಲ್ಲಿ ಜನ ಇರುವುದು ಸುಮಾರು 30 ಲಕ್ಷ. ಎರಡು ಗಂಟೆ ಓಡಿಸಿದರೂ ಎದುರಿಗೆ ಒಂದು ಗಾಡಿ ಸಿಗದ ದಾರಿಗಳಿವೆ.

ಮೊದಲು ಹೋಗಿದ್ದು ನಮೀಬ್-ನೌಕ್ಲುಫ್ಟ್ ಪಾರ್ಕಿನ ಸೆಸ್ರಿಯೆಮ್‌ಗೆ. ಸೊಸುಸ್‌ಫ್ಲೇ ಮರಳುದಿಬ್ಬಗಳಿಗೆ ಅದೇ ಬಾಗಿಲು. ಇಲ್ಲಿ ಎರಡು ರಾತ್ರಿಯನ್ನು ಬೇಕಂತಲೇ ಎರಡು ಕಡೆ ಕಳೆದೆವು: ಮೊದಲನೆಯದು ಗೇಟಿನ ಹೊರಗಿನ ಲಾಡ್ಜ್‌ನಲ್ಲಿ, ಎರಡನೆಯದು ಗೇಟಿನ ಒಳಗೆ. ಹೊರಗಿನದು ಅಗ್ಗ, ಊಟವೂ ಚೆನ್ನಾಗಿತ್ತು. ಆದರೆ ಬೆಳಿಗ್ಗೆ ಏನಾಯಿತು ಕೇಳಿ. ಹೊರಗಿನ ಗೇಟು ತೆಗೆಯುವುದು ಸೂರ್ಯ ಹುಟ್ಟುವ ಹೊತ್ತಿಗೆ. ಗೇಟಿನ ಮುಂದೆ ಸಾಲಾಗಿ ಕಾರುಗಳು. ಅಲ್ಲಿಂದ ಟಾರು ರಸ್ತೆಯಲ್ಲಿ ಇನ್ನೂ 60 ಕಿಲೋಮೀಟರ್. ಅದರ ನಂತರದ ನಾಲ್ಕೈದು ಕಿಲೋಮೀಟರ್ ಬರೀ ಮರಳು, ಫೋರ್ ವೀಲ್ ಡ್ರೈವ್ ಇಲ್ಲದವರು ಶಟಲ್ ಗಾಡಿ ಹತ್ತಬೇಕು. ನಾವು ಸತ್ತ ಮರಗಳ ಬಯಲಾದ ಡೆಡ್‌ಫ್ಲೇ ತಲುಪುವಷ್ಟರಲ್ಲಿ ಬಿಸಿಲು ನೆತ್ತಿಗೆ ಏರುತ್ತಿತ್ತು. ಫೋಟೋದಲ್ಲಿ ನೋಡಿದ ಆ ನೆರಳು ಬೆಳಕಿನ ಆಟ ಮುಗಿದುಹೋಗಿತ್ತು.

ಒಳಗೆ ಉಳಿದವರನ್ನು ಸೂರ್ಯ ಹುಟ್ಟುವ ಸುಮಾರು ಒಂದು ಗಂಟೆ ಮೊದಲೇ ಬಿಡುತ್ತಾರೆ. ಈ ಒಂದು ಗಂಟೆಗೇ ನೀವು ಜಾಸ್ತಿ ದುಡ್ಡು ಕೊಡುವುದು. ಎರಡನೇ ದಿನ ಕತ್ತಲಲ್ಲಿ ಹೊರಟೆವು. ಗೇಟಿನಿಂದ 45ನೇ ಕಿಲೋಮೀಟರಿನಲ್ಲಿರುವುದಕ್ಕೆ ಡ್ಯೂನ್ 45 ಎಂದೇ ಹೆಸರು. ಅದರ ಬೆನ್ನ ಮೇಲೆ ಕೂತು ಸೂರ್ಯ ಹುಟ್ಟುವುದನ್ನು ನೋಡಿದೆವು. ಒಂದು ಮಗ್ಗುಲು ಕೆಂಡದ ಹಾಗೆ, ಇನ್ನೊಂದು ಮಗ್ಗುಲು ಕಾಡಿಗೆ ಬಳಿದ ಹಾಗೆ. ಹತ್ತುವುದು ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಕೆಳಗೆ ಜಾರುತ್ತೀರಿ. ಅತ್ತೆ ಕೆಳಗೇ ನಿಂತು, "ಇಷ್ಟು ದುಡ್ಡು ಸುರಿದು ಮರಳು ಹತ್ತೋಕೆ ಬಂದ್ವೇನೇ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಡೆಡ್‌ಫ್ಲೇ ಮಾತ್ರ ಎರಡನೇ ಸಲವೂ ನನ್ನನ್ನು ಹಿಡಿದು ನಿಲ್ಲಿಸಿತು. ಹಿಂದೊಮ್ಮೆ ಅಲ್ಲಿಗೆ ನದಿ ನೀರು ಬರುತ್ತಿತ್ತಂತೆ. ಮರಳುದಿಬ್ಬ ಅಡ್ಡ ಬಂದು ನೀರಿನ ದಾರಿ ಕಟ್ಟಿತು. ಮರಗಳು ಸತ್ತು ಆರೇಳು ನೂರು ವರ್ಷ ಆಗಿದೆ, ಆದರೂ ಕೊಳೆತಿಲ್ಲ. ಕೊಳೆಯುವುದಕ್ಕೂ ಸ್ವಲ್ಪ ತೇವ ಬೇಕಲ್ವಾ? ಅಷ್ಟೂ ಅಲ್ಲಿಲ್ಲ.

ಪ್ರಾಣಿಗಳ ಲೆಕ್ಕ ಕೇಳಿದರೆ ಇಲ್ಲಿ ಬಡತನ. ಓರಿಕ್ಸ್, ಸ್ಪ್ರಿಂಗ್‌ಬಾಕ್ ಎಂಬ ಜಿಂಕೆಯಂಥ ಪ್ರಾಣಿಗಳು ಕೆಲವು, ಒಂದೆರಡು ಉಷ್ಟ್ರಪಕ್ಷಿ. ಸುಮಾರು 50 ಸಾವಿರ ಚದರ ಕಿಲೋಮೀಟರಿನ ಪಾರ್ಕಿನಲ್ಲಿ ನಾವು ಎರಡು ದಿನಕ್ಕೆ ಕಂಡದ್ದು ಇಪ್ಪತ್ತು ಪ್ರಾಣಿ ಇರಬಹುದು. ಆದರೆ ಕಾರಿನಿಂದ ಇಳಿದು ನಡೆಯಬಹುದು. ಇಟೋಶಾಗೆ ಹೋದಮೇಲೆ ಇದರ ಬೆಲೆ ಗೊತ್ತಾಯಿತು.

ಸ್ವಾಕೊಪ್‌ಮುಂಡ್ ದಾರಿಯಲ್ಲಿ, ಸಾಲಿಟೇರ್ ಎಂಬ ಪುಟ್ಟ ಊರು ದಾಟಿ ಜಲ್ಲಿ ರಸ್ತೆಯಲ್ಲಿ ಟೈರ್ ಹೋಯಿತು. (ಸಾಲಿಟೇರ್‌ನಲ್ಲಿ ಆಪಲ್ ಪೈ ತಿನ್ನಿ. ಹೊಗಳುವುದು ಸುಮ್ನೆ ಅಲ್ಲ.) ಸ್ಟೆಪ್ನಿ ತೆಗೆದರೆ ಅದು ಬೋಳುತಲೆ. ಬಾಡಿಗೆ ಕೊಟ್ಟವರ ಹೆಸರು ಬೇಡ, ತಪ್ಪು ನಮ್ಮದೂ ಇತ್ತು, ತೆಗೆದುಕೊಳ್ಳುವಾಗ ನೋಡಲಿಲ್ಲ. ಎರಡು ಸ್ಟೆಪ್ನಿ ಕೇಳಿ, ಎರಡನ್ನೂ ಮುಟ್ಟಿ ನೋಡಿ. ಜಲ್ಲಿ ರಸ್ತೆಯಲ್ಲಿ ಟೈರಿನ ಗಾಳಿ ಸ್ವಲ್ಪ ಇಳಿಸಿಕೊಂಡು, 80ಕ್ಕಿಂತ ಜೋರಾಗಿ ಹೋಗಬೇಡಿ. ನಾವು ನಿಂತ ಹತ್ತು ನಿಮಿಷಕ್ಕೆ ಒಬ್ಬ ರೈತರು ಪಿಕಪ್ ನಿಲ್ಲಿಸಿ, ಕೇಳದೇ ಜಾಕ್ ಹಚ್ಚಿದರು.

ಸ್ವಾಕೊಪ್‌ಮುಂಡ್‌ನಲ್ಲಿ ನನಗೆ ಏನೂ ನಿರೀಕ್ಷೆ ಇರಲಿಲ್ಲ. ಊರಿನ ಅಂಚಿನಲ್ಲೇ ಡೊರೊಬ್ ರಾಷ್ಟ್ರೀಯ ಉದ್ಯಾನದ ಮರಳು ಶುರುವಾಗುತ್ತದೆ. ಅಲ್ಲಿ ಗೈಡ್ ಜೊತೆ ಅರ್ಧ ದಿನದ ಮರಳು ಸುತ್ತಾಟ ಇದೆ. ಗಾಡಿ ನಿಲ್ಲಿಸಿ ಗೈಡ್ ನೆಲದ ಮೇಲೆ ಕೂದಲೆಳೆಯಂಥ ಗೆರೆ ತೋರಿಸಿದರು. ನಮಗೆ ಬರೀ ಮರಳು. ಅವರು ಕೈಯಿಂದ ಮೆಲ್ಲಗೆ ತೋಡಿದರೆ ಒಳಗಿಂದ ಹಲ್ಲಿ! ಪಾಲ್ಮಾಟೊ ಗೆಕ್ಕೊ ಅಂತೆ. ಮೈಯೆಲ್ಲ ಗಾಜಿನ ಹಾಗೆ, ಬೆರಳುಗಳ ನಡುವೆ ಬಾತುಕೋಳಿಯ ಹಾಗೆ ಪೊರೆ. ಇನ್ನೊಂದು ಕಡೆ ಮರಳಲ್ಲಿ ಎರಡು ಚುಕ್ಕಿ. ಅವು ಹಾವಿನ ಕಣ್ಣುಗಳು. ಈ ಪೆರಿಂಗ್ವೆ ಹಾವಿಗೆ ಕಣ್ಣು ಇರುವುದು ನೆತ್ತಿಯ ಮೇಲೆ, ಮೈಯೆಲ್ಲ ಹೂತುಕೊಂಡು ಕಣ್ಣಷ್ಟೇ ಹೊರಗಿಟ್ಟು ಕಾಯುತ್ತದೆ. ಬೆಳಗಿನ ಚಳಿಗೆ ಕಪ್ಪಾಗಿ ಕೂತಿದ್ದ ಗೋಸುಂಬೆ ಬಿಸಿಲೇರಿದ ಹಾಗೆ ಬಿಳಿಚಿಕೊಂಡಿತು. ಮಂಜು ಬಂದಾಗ ತಲೆಕೆಳಗಾಗಿ ನಿಂತು, ಬೆನ್ನ ಮೇಲೆ ಇಳಿದ ಹನಿಯನ್ನು ಬಾಯಿಗೆ ಹರಿಸಿಕೊಳ್ಳುವ ಜೀರುಂಡೆಯ ಕತೆಯನ್ನೂ ಗೈಡ್ ಹೇಳಿದರು. ತಣ್ಣನೆಯ ಬೆಂಗ್ವೆಲಾ ಸಮುದ್ರ ಪ್ರವಾಹದಿಂದ ಏಳುವ ಮಂಜೇ ಈ ತೀರದ ಮಳೆ. ನಾವು ನೋಡಿದ್ದು ಜೀರುಂಡೆಯ ಹೆಜ್ಜೆ ಗುರುತು ಮಾತ್ರ. ಸೊಸುಸ್‌ಫ್ಲೇಯಲ್ಲಿ ನಾವು ತುಳಿದು ಹತ್ತಿದ ಮರಳಿನಲ್ಲೂ ಇಂಥ ಬದುಕು ಇತ್ತೇನೋ. ಮೊದಲು ಡೊರೊಬ್‌ಗೆ ಬಂದು ಆಮೇಲೆ ಅಲ್ಲಿಗೆ ಹೋಗಿದ್ದರೆ ಕಣ್ಣು ಬೇರೆಯೇ ಆಗಿರುತ್ತಿತ್ತು.

ಮಾರನೇ ದಿನ ಉತ್ತರಕ್ಕೆ 120 ಕಿಲೋಮೀಟರ್ ದೂರದ ಕೇಪ್ ಕ್ರಾಸ್‌ಗೆ ಹೋದೆವು. ಸೀಲ್‌ಗಳ ಮೀಸಲು ಪ್ರದೇಶ. 1486ರಲ್ಲಿ ಪೋರ್ಚುಗೀಸ್ ನಾವಿಕ ದಿಯೋಗೊ ಕಾವ್ ಅಲ್ಲಿ ಶಿಲುಬೆ ನೆಟ್ಟಿದ್ದ, ಈಗಿರುವುದು ನಕಲು. ಸಾವಿರಾರು ಸೀಲ್‌ಗಳು ಮರದ ಅಟ್ಟಣಿಗೆಯ ಕೆಳಗೇ ಹೊರಳಾಡುತ್ತವೆ. ವಾಸನೆ ಮಾತ್ರ ಸತ್ತ ಮೀನಿನ ಗೋದಾಮು. ಅತ್ತೆ ಸೆರಗು ಮೂಗಿಗೆ ಒತ್ತಿಕೊಂಡು ಐದೇ ನಿಮಿಷಕ್ಕೆ ಕಾರಿಗೆ ವಾಪಸ್. ಮರಿಗಳು ಹುಟ್ಟುವುದು ನವೆಂಬರ್, ಡಿಸೆಂಬರ್‌ನಲ್ಲಿ. ಆಗಸ್ಟ್‌ನಲ್ಲಿ ಹೋಗುವವರು ಬಿಟ್ಟರೂ ನಷ್ಟವಿಲ್ಲ.

ಇನ್ನು ಇಟೋಶಾ. 1907ರಲ್ಲಿ ಜರ್ಮನರ ಕಾಲದಲ್ಲಿ ಮೀಸಲಾದ ಕಾಡು, ಈಗ 22 ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ. ನಡುವೆ ಸುಮಾರು 4,800 ಚದರ ಕಿಲೋಮೀಟರಿನ ಬಿಳೀ ಉಪ್ಪಿನ ಬಯಲು. ಅಲ್ಲಿ ಹುಲ್ಲೂ ಇಲ್ಲ, ನೆರಳೂ ಇಲ್ಲ. ಪ್ರಾಣಿಗಳೆಲ್ಲ ಆ ಬಯಲಿನ ದಕ್ಷಿಣದ ಅಂಚಿನ ನೀರಿನ ಹೊಂಡಗಳಿಗೆ ಬರಲೇಬೇಕು. ನಾಗರಹೊಳೆಯಲ್ಲಿ ಸಫಾರಿ ಜೀಪು ಪ್ರಾಣಿಯನ್ನು ಹುಡುಕಿಕೊಂಡು ಹೋಗುತ್ತದೆ, ಅಲ್ಲಿ ಹಸಿರು ಮುಚ್ಚಿಡುತ್ತದೆ. ಇಲ್ಲಿ ಹೊಂಡದ ಪಕ್ಕ ಇಂಜಿನ್ ಆಫ್ ಮಾಡಿ ಕೂತರೆ ಸಾಕು.

ಇದು ನಮಗೆ ತಿಳಿಯಲು ಒಂದೂವರೆ ದಿನ ಹಿಡಿಯಿತು. ಮೊದಲ ದಿನ ನಕ್ಷೆ ಹಿಡಿದು ಒಂಬತ್ತು ಹೊಂಡ ಸುತ್ತಿದೆವು. 60ರ ವೇಗಮಿತಿಯಲ್ಲಿ, ಬಿಳಿ ಧೂಳು ಕುಡಿಯುತ್ತಾ. ಕಾರಿನಿಂದ ಇಳಿಯುವ ಹಾಗಿಲ್ಲ. ಇಳಿಯಬೇಕೆಂದರೆ ಬೇಲಿ ಹಾಕಿದ ಶೌಚಾಲಯದ ಜಾಗಗಳು, ಇಲ್ಲವೇ ಕ್ಯಾಂಪ್. ಸಂಜೆಗೆ ಅತ್ತೆಯ ಮಂಡಿ ಮರಗಟ್ಟಿತ್ತು. ಎರಡನೇ ದಿನ ನೆಬ್ರೌನಿ ಹೊಂಡದಲ್ಲಿ ಎರಡೂವರೆ ಗಂಟೆ ಕದಲದೆ ಕೂತೆವು. ಸುಣ್ಣದ ಮಣ್ಣು ಮೆತ್ತಿಕೊಂಡು ಬೆಳ್ಳಗಿದ್ದ ಆನೆಗಳು ಬಂದವು. ಅಲ್ಲಿಯವರೆಗೆ ನೀರು ಕುಡಿಯುತ್ತಿದ್ದ ಜೀಬ್ರಾ, ಓರಿಕ್ಸ್ ಎಲ್ಲ ಹಿಂದೆ ಸರಿದು ಸಾಲಲ್ಲಿ ನಿಂತವು. ಗೋಜಿಲ್ಲ, ಗಲಾಟೆಯಿಲ್ಲ. ಒಂದು ಮರಿಯಾನೆ ಮಾತ್ರ ನರಿಯನ್ನು ಅಟ್ಟಿಸಿಕೊಂಡು ಹೋಗಿ, ತಾನೇ ಹೆದರಿ ಅಮ್ಮನ ಹತ್ತಿರ ಓಡಿತು.

ಕ್ಯಾಂಪ್‌ಗಳ ಹೋಲಿಕೆ ಬೇರೆಯೇ ಹೇಳಬೇಕು. ಎರಡು ರಾತ್ರಿ ಒಕಾಕುಯೊ, ಒಂದು ಹಲಾಲಿ, ಒಂದು ನಮುಟೋನಿ. ಮೂರರಲ್ಲೂ ಬೇಲಿಯ ಆಚೆ ಹೊಂಡ ಇದೆ.

ಒಕಾಕುಯೊದಲ್ಲಿ ಜನ ಜಾಸ್ತಿ, ರೂಮು ಹಳೆಯದು, ಹೋಟೆಲಿನಲ್ಲಿ ನಮ್ಮಂಥ ಸಸ್ಯಾಹಾರಿಗಳಿಗೆ ಚಿಪ್ಸ್ ಮತ್ತು ಸಲಾಡ್ ಬಿಟ್ಟರೆ ಕಷ್ಟ. ತಂದಿದ್ದ ಗೊಜ್ಜವಲಕ್ಕಿ ಕಾಪಾಡಿತು. ಆದರೆ ಅದರ ಹೊಂಡ! ಗಿಡ್ಡ ಕಲ್ಲಿನ ಗೋಡೆ, ಹಿಂದೆ ಬೆಂಚು, ರಾತ್ರಿಯಿಡೀ ಮಂದ ಬೆಳಕು. ರಾತ್ರಿ ಒಂಬತ್ತೂವರೆಗೆ ಕತ್ತಲಿನಿಂದ ಕಪ್ಪು ಘೇಂಡಾಮೃಗ ಒಂದು ಬಂತು. ಹಗಲಲ್ಲಿ ಪೊದೆ ಬಿಟ್ಟು ಹೊರಗೆ ಬರುವುದು ಕಡಿಮೆ. ಹಿಂದೆಯೇ ತಾಯಿ ಮತ್ತು ಮರಿ. ಎರಡು ದೊಡ್ಡವು ಮೂತಿಗೆ ಮೂತಿ ಕೊಟ್ಟು ಬುಸುಗುಟ್ಟಿದವು. ಬೆಂಚಿನಲ್ಲಿದ್ದ ಅರವತ್ತು ಜನ ಉಸಿರು ಬಿಡಲಿಲ್ಲ. ಹೊಂಡಕ್ಕೆ ಮುಖ ಮಾಡಿದ ರೂಮಿಗೆ ಬಹಳ ದುಡ್ಡು. ನಮ್ಮದು ಹಿಂದಿನ ಸಾಲಿನ ರೂಮು, ನಡೆದರೆ ಎರಡು ನಿಮಿಷ. ಬೆಂಚು ಎಲ್ಲರಿಗೂ ಪುಕ್ಕಟೆ, ಹಾಗಾಗಿ ಆ ದುಡ್ಡು ಉಳಿಸಿಕೊಳ್ಳಿ.

ಒಂದು ರಾತ್ರಿ ಕ್ಯಾಂಪಿನ ಗಾಡಿಯಲ್ಲಿ ನೈಟ್ ಡ್ರೈವ್‌ಗೂ ಹೋದೆವು. ಕತ್ತಲಾದ ಮೇಲೆ ಸ್ವಂತ ಕಾರು ಹೊರಗೆ ಬಿಡುವುದಿಲ್ಲ. ಕೆಂಪು ದೀಪ, ತೆರೆದ ಗಾಡಿ, ಮೂಳೆ ಕೊರೆಯುವ ಗಾಳಿ, ಮೂರು ಗಂಟೆ ಸುತ್ತಿದ್ದಕ್ಕೆ ಕಂಡದ್ದು ಎರಡು ಕತ್ತೆಕಿರುಬ. ಅದೇ ಹೊತ್ತಲ್ಲಿ ಬೆಂಚಿನ ಮೇಲಿದ್ದ ಅತ್ತೆ ಐದು ಘೇಂಡಾ, ಒಂದು ಸಿಂಹಿಣಿ ನೋಡಿದ್ದರು. ಅದನ್ನು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾರೆ.

ಹಲಾಲಿಯ ಹೊಂಡಕ್ಕೆ ಮೊರಿಂಗಾ ಎಂದು ಹೆಸರು. ಪಕ್ಕದ ಗುಡ್ಡದ ಮೇಲೆ ದಪ್ಪ ಕಾಂಡದ ಮೊರಿಂಗಾ ಮರಗಳಿವೆ, ನಮ್ಮ ನುಗ್ಗೆಯ ದಾಯಾದಿಗಳು. ಇದು ಗೊತ್ತಾದ ಮೇಲೆ ಅತ್ತೆ, "ಸಾರಿಗೆ ಹಾಕ್ತಾರಾ?" ಎಂದು ಕೆಲಸದವರನ್ನು ಕೇಳಿಯೇ ಬಿಟ್ಟರು. ಕ್ಯಾಂಪಿನಿಂದ ಹತ್ತು ನಿಮಿಷ ನಡೆದು, ಬಂಡೆ ಹತ್ತಿ ಕೂರಬೇಕು. ಎತ್ತರದಿಂದ ನೋಟ, ಒಕಾಕುಯೊದ ಕಾಲುಭಾಗ ಜನ, ನಿಶ್ಶಬ್ದ. ನನ್ನ ಓಟು ಇದಕ್ಕೆ. ಮಂಡಿನೋವಿನವರ ಓಟು ಒಕಾಕುಯೊಗೆ.

ನಮುಟೋನಿಯ ಬಿಳಿ ಕೋಟೆ ನೋಡಲು ಚೆಂದ. ಕ್ಯಾಂಪಿನ ಹೊಂಡ ಜೊಂಡು ತುಂಬಿ, ನಮಗೆ ಕಪ್ಪೆ ಸದ್ದು ಬಿಟ್ಟು ಏನೂ ಸಿಗಲಿಲ್ಲ. ಹತ್ತಿರದ ಚುಡಾಪ್ ಹೊಂಡದಲ್ಲಿ ಹನ್ನೊಂದು ಜಿರಾಫೆ ಕಾಲಗಲಿಸಿ ನೀರು ಕುಡಿದಿದ್ದು ಮಾತ್ರ ಮರೆಯುವ ಹಾಗಿಲ್ಲ. ಇನ್ನೊಂದು ಸಂಗತಿ: 2022ರ ಸೆಪ್ಟೆಂಬರ್‌ನಲ್ಲಿ ಮಧ್ಯಪ್ರದೇಶದ ಕುನೋಗೆ ಬಂದ ಮೊದಲ 8 ಚೀತಾಗಳು ಈ ದೇಶದವು. ನಮಗೆ ಇಲ್ಲಿ ಒಂದೂ ಕಾಣಲಿಲ್ಲ.

ಇನ್ನೊಮ್ಮೆ ಹೋದರೆ ರಾತ್ರಿಗಳನ್ನು ಹೀಗೆ ಹಂಚುತ್ತೇನೆ: ಸ್ವಾಕೊಪ್‌ಮುಂಡ್ ಮೊದಲು, ಅಲ್ಲಿ ಡೊರೊಬ್‌ಗೆ ಒಂದು ಬೆಳಿಗ್ಗೆ. ಆಮೇಲೆ ಸೆಸ್ರಿಯೆಮ್ ಗೇಟಿನ ಒಳಗೆ ಒಂದೇ ರಾತ್ರಿ, ಹೊರಗೆ ಬೇಡವೇ ಬೇಡ. ಉಳಿದದ್ದು ಒಕಾಕುಯೊಗೆ ಎರಡು, ಹಲಾಲಿಗೆ ಎರಡು, ನಮುಟೋನಿಗೆ ಹಗಲು ಹೊತ್ತಲ್ಲಿ ಹೋಗಿ ಬಂದರೆ ಸಾಕು. ಗಂಡ ಇದಕ್ಕೆ ಒಪ್ಪಿಲ್ಲ, ಅವರಿಗೆ ಡ್ಯೂನ್ 45 ಇನ್ನೊಮ್ಮೆ ಬೇಕಂತೆ. ಗೇಟಿನ ಒಳಗಿನ ರೂಮುಗಳು ಬೇಗ ತುಂಬಿಬಿಡುತ್ತವೆ, ಆಗಸ್ಟ್‌ಗೆ ಹೋಗುವವರು ಹಿಂದಿನ ವರ್ಷವೇ ಬುಕ್ ಮಾಡಿ. ಮಂಕಿಟೋಪಿ, ದಪ್ಪ ಶಾಲು ಮರೆಯಬೇಡಿ. ಬೆಂಚು ಕಲ್ಲಿಗಿಂತ ತಣ್ಣಗಿರುತ್ತದೆ.