ಎಲ್ಲ ಧರ್ಮಗಳ ಪಂಚಾಂಗ ಒಂದೇ ಆ್ಯಪ್‌ನಲ್ಲಿ: ಲೆಕ್ಕ ಚೆನ್ನಾಗಿದೆ, ಅವಸರ ಜಾಸ್ತಿ

ಈ ಕ್ಯಾಲೆಂಡರ್ ಆ್ಯಪ್‌ನ ಸೆಟ್ಟಿಂಗ್ಸ್ ಪುಟ ತುಂಬಾ ಉದ್ದ. ಹಲವರು ಅದನ್ನೇ ದೂರಿದ್ದಾರೆ. ನನಗೆ ಇದರಲ್ಲಿ ಅತಿ ಹೆಚ್ಚು ಇಷ್ಟವಾಗಿದ್ದೇ ಆ ಪುಟ.

ಬೇರೆ ಬೇರೆ ದೇಶಗಳಲ್ಲಿ ಚದುರಿರುವ ಒಂದು ತಂಡಕ್ಕೆ ರಜೆಯ ಪಟ್ಟಿ ಮಾಡುವುದು ನನ್ನ ಕೆಲಸ. ತಂಡದಲ್ಲಿ ಮುಸ್ಲಿಮರು, ಯಹೂದಿಗಳು, ಹಿಂದೂಗಳು ಇದ್ದಾರೆ, ಕ್ರೈಸ್ತರಲ್ಲಿ ಕ್ಯಾಥೊಲಿಕ್ಕರೂ ಇದ್ದಾರೆ, ಆರ್ಥಡಾಕ್ಸ್‌ನವರೂ ಇದ್ದಾರೆ. ಯಾರ ಹಬ್ಬ ಯಾವತ್ತು ಅಂತ ಮೊದಲೇ ತಿಳಿಯಬೇಕು. ಬೇರೆ ಆ್ಯಪ್‌ಗಳು ಸುಮ್ನೆ ಒಂದು ದಿನಾಂಕ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಇದು ಆ ದಿನಾಂಕ ಹೇಗೆ ಬಂತು ಅಂತಲೂ ಹೇಳುತ್ತದೆ.

ನಮಾಜಿನ ಭಾಗವನ್ನೇ ನೋಡಿ. ಬೆಳಗಿನ ನಮಾಜಾದ ಫಜ್ರ್ ಶುರುವಾಗುವುದು ಮುಂಜಾವಿನ ಮೊದಲ ಬೆಳಕಿಗೆ. ಸೂರ್ಯ ದಿಗಂತಕ್ಕಿಂತ ಎಷ್ಟು ಡಿಗ್ರಿ ಕೆಳಗಿದ್ದಾಗ ಆ ಬೆಳಕು ಮೂಡುತ್ತದೆ? ಮುಸ್ಲಿಂ ವರ್ಲ್ಡ್ ಲೀಗ್ 18 ಅನ್ನುತ್ತದೆ. ಈಜಿಪ್ಟಿನ ಲೆಕ್ಕದಲ್ಲಿ 19.5. ಉತ್ತರ ಅಮೆರಿಕದ ಇಸ್ಲಾಮಿಕ್ ಸೊಸೈಟಿ (ಇಸ್ನಾ) 15ಕ್ಕೆ ನಿಲ್ಲುತ್ತದೆ. ಮಧ್ಯಾಹ್ನದ ನಂತರದ ನಮಾಜಾದ ಅಸರ್‌ಗೆ ನೆಟ್ಟ ಕೋಲಿನ ನೆರಳೇ ಅಳತೆ. ನಡುಮಧ್ಯಾಹ್ನದ ನೆರಳನ್ನು ಬಿಟ್ಟು ಕೋಲಿನಷ್ಟೇ ಉದ್ದದ ನೆರಳು ಬಿದ್ದರೆ ಸಾಕು ಅಂತ ಶಾಫಿ ಪಂಥದವರು, ಅದರ ಎರಡರಷ್ಟು ಆಗಬೇಕು ಅಂತ ಹನಫಿಗಳು. ಆ್ಯಪ್ ಇದ್ಯಾವುದನ್ನೂ ಮುಚ್ಚಿಡುವುದಿಲ್ಲ. ಎಲ್ಲವನ್ನೂ ಮುಂದಿಟ್ಟು, ನಿಮ್ಮದನ್ನು ನೀವೇ ಆರಿಸಿಕೊಳ್ಳಿ ಅನ್ನುತ್ತದೆ. ಸೂರ್ಯ ಎಲ್ಲಿದ್ದಾನೆ ಅನ್ನುವುದರಲ್ಲಿ ಇವರಲ್ಲಿ ಯಾರಿಗೂ ತಕರಾರಿಲ್ಲ, ಅದು ಖಗೋಳ ವಿಜ್ಞಾನದ ಲೆಕ್ಕ. ಎಷ್ಟು ಬೆಳಕಾದರೆ ಬೆಳಗು ಅನ್ನಬೇಕು ಅನ್ನುವುದು ಧರ್ಮ ಮಾಡುವ ತೀರ್ಮಾನ. ಈ ಎರಡನ್ನೂ ಬೇರೆ ಬೇರೆಯಾಗಿ ತೋರಿಸಿದ ಆ್ಯಪ್ ನಾನು ನೋಡಿದ ಮಟ್ಟಿಗೆ ಇದೊಂದೇ.

ಲಂಡನ್‌ನಲ್ಲಿರುವ ಸಹೋದ್ಯೋಗಿಗೂ ಇದರಿಂದ ಉಪಯೋಗವಾಯಿತು. ಸುಮಾರು 48.5 ಡಿಗ್ರಿ ಅಕ್ಷಾಂಶ ದಾಟಿದರೆ ನಡುಬೇಸಿಗೆಯಲ್ಲಿ ಸೂರ್ಯ 18 ಡಿಗ್ರಿ ಕೆಳಕ್ಕೆ ಇಳಿಯುವುದೇ ಇಲ್ಲ. ರಾತ್ರಿಯಿಡೀ ಮಸುಕು ಬೆಳಕು ಉಳಿದಿರುತ್ತದೆ. ಆಗ ರಾತ್ರಿಯನ್ನು ಏಳು ಭಾಗ ಮಾಡುವ ವಿಧಾನವೂ ಸೇರಿ ಕೆಲವು ದಾರಿಗಳನ್ನು ವಿದ್ವಾಂಸರು ಸೂಚಿಸಿದ್ದಾರೆ. ಅವೂ ಇಲ್ಲಿವೆ.

ಈಸ್ಟರ್ ಭಾಗ ಓದಲು ಸೊಗಸಾಗಿದೆ. ವಸಂತ ವಿಷುವದ (ಮಾರ್ಚ್‌ನಲ್ಲಿ ಹಗಲು ರಾತ್ರಿ ಹೆಚ್ಚುಕಡಿಮೆ ಸಮವಾಗುವ ದಿನ) ನಂತರದ ಹುಣ್ಣಿಮೆ, ಅದರ ಮುಂದಿನ ಭಾನುವಾರ ಅಂತ ನಾವೆಲ್ಲ ಕೇಳಿದ್ದೇವೆ ಅಲ್ವಾ? ಆ ಲೆಕ್ಕದಲ್ಲಿ 2019ರ ಈಸ್ಟರ್ ಮಾರ್ಚ್ 24ಕ್ಕೆ ಬರಬೇಕಿತ್ತು. ವಿಷುವ ಆಗಿದ್ದು 20ರಂದು, ಹುಣ್ಣಿಮೆ ಆಗಿದ್ದು ಗ್ರೀನಿಚ್ ಸಮಯದಂತೆ 21ರಂದು. ಆದರೆ ಹಬ್ಬ ನಡೆದದ್ದು ಏಪ್ರಿಲ್ 21ಕ್ಕೆ. ಕಾರಣ, ಚರ್ಚ್ ನೋಡುವುದು ಆಕಾಶದ ಹುಣ್ಣಿಮೆಯನ್ನಲ್ಲ, ತನ್ನ ಕೋಷ್ಟಕದ ಹುಣ್ಣಿಮೆಯನ್ನು. ಅದು ವಿಷುವವನ್ನೂ ಮಾರ್ಚ್ 21 ಅಂತಲೇ ಗಟ್ಟಿ ಮಾಡಿಕೊಂಡಿದೆ. 2019ನೇ ವರ್ಷಕ್ಕೆ ಹೋಗಿ ಒತ್ತಿದರೆ ಎರಡೂ ಹುಣ್ಣಿಮೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತದೆ. ಆರ್ಥಡಾಕ್ಸ್‌ನವರಲ್ಲಿ ಹೆಚ್ಚಿನವರು ಈಸ್ಟರ್‌ಗೆ ಇಂದಿಗೂ ಹಳೆಯ ಜೂಲಿಯನ್ ಲೆಕ್ಕವನ್ನೇ ಬಳಸುತ್ತಾರೆ. ಹಾಗಾಗಿ 2024ರಲ್ಲಿ ಕ್ಯಾಥೊಲಿಕ್ಕರಿಗೆ ಮಾರ್ಚ್ 31, ಆರ್ಥಡಾಕ್ಸ್‌ನವರಿಗೆ ಮೇ 5. ಮರುವರ್ಷ ಇಬ್ಬರಿಗೂ ಏಪ್ರಿಲ್ 20. ರಜೆ ಪಟ್ಟಿ ಮಾಡುವವರಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ನನಗೆ ಗೊತ್ತು.

ಯಹೂದಿ ಕ್ಯಾಲೆಂಡರ್ ಭಾಗ ಚಿಕ್ಕದು, ಅಚ್ಚುಕಟ್ಟಾಗಿದೆ. 19 ವರ್ಷಕ್ಕೆ 7 ಅಧಿಕ ಮಾಸ. ಮೊದಲೆಲ್ಲ ಚಂದ್ರನನ್ನು ಕಂಡ ಸಾಕ್ಷಿಗಳು ಬಂದು ಹೇಳಬೇಕಿತ್ತು, ಆಮೇಲೆ ಪೂರ್ತಿ ಲೆಕ್ಕಕ್ಕೇ ಬಂದರು. ಅವರ ಸರಾಸರಿ ಚಾಂದ್ರಮಾಸಕ್ಕೂ ಇಂದಿನ ಅಳತೆಗೂ ಇರುವ ವ್ಯತ್ಯಾಸ ಸುಮಾರು ಅರ್ಧ ಸೆಕೆಂಡು!

ಇನ್ನು ದೂರುಗಳು.

ಮೊದಲನೆಯದು ನೋಟಿಫಿಕೇಶನ್. ಹಿಜರಿ (ಇಸ್ಲಾಮಿನ ಚಾಂದ್ರ ಕ್ಯಾಲೆಂಡರ್) ಲೆಕ್ಕದ ರಂಜಾನ್ ತಿಂಗಳ 29ನೇ ದಿನ ಇನ್ನೂ ಸಂಜೆ ಆಗಿರುವುದಿಲ್ಲ, ಆಗಲೇ 'ನಾಳೆ ಈದ್' ಅಂತ ಸಂದೇಶ ಬರುತ್ತದೆ. ಟರ್ಕಿಯಲ್ಲಿ ಲೆಕ್ಕವನ್ನೇ ಒಪ್ಪುತ್ತಾರೆ, ಅಲ್ಲಿ ಇದು ಸರಿ. ಎಷ್ಟೋ ಕಡೆ ಹೊಸ ಚಂದ್ರನನ್ನು ಕಣ್ಣಾರೆ ಕಂಡವರು ಹೇಳುವವರೆಗೆ ಕಾಯುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ಆ ಸಂಜೆ ಮನೆಯವರೆಲ್ಲರ ಜೊತೆ ಮಹಡಿ ಹತ್ತಿ ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಅವರಿಗೆ ಆ ಸಂದೇಶ ಬೇಜಾರು ತಂದಿತು. ನಾನು ಆ್ಯಪ್‌ನವರಿಗೆ ಬರೆದೆ. 'ನಮ್ಮ ಲೆಕ್ಕ ನಿಖರವಾಗಿದೆ' ಅಂತ ಉತ್ತರ ಬಂತು. ಲೆಕ್ಕ ನಿಖರ ಅಲ್ಲ ಅಂತ ಯಾರು ಹೇಳಿದರು? ಚಂದ್ರ ಸೂರ್ಯನಿಂದ ಸುಮಾರು 7 ಡಿಗ್ರಿಗಿಂತ ಹತ್ತಿರವಿದ್ದರೆ ಕಣ್ಣಿಗೆ ಕಾಣುವುದಿಲ್ಲ ಅಂತ 1930ರ ದಶಕದಲ್ಲೇ ಫ್ರಾನ್ಸಿನ ಖಗೋಳ ವಿಜ್ಞಾನಿ ದಾಂಜೋಂ ಗುರುತಿಸಿದ್ದರು. ಇದೇ ಆ್ಯಪ್‌ನ ಭೂಪಟದಲ್ಲಿ ಎಲ್ಲಿ ಕಾಣಬಹುದು, ಎಲ್ಲಿ ಸಾಧ್ಯವೇ ಇಲ್ಲ ಅಂತ ಬಣ್ಣ ಹಚ್ಚಿ ಚೆನ್ನಾಗಿ ತೋರಿಸಿದ್ದಾರೆ. ಆಕಾಶ ನೋಡಲು ಹೊರಟವರಿಗೆ ಆ ನಕ್ಷೆ ನೆರವಾಗುತ್ತದೆ. ಹಬ್ಬವನ್ನು ಘೋಷಿಸುವ ಅಧಿಕಾರ ಮಾತ್ರ ಫೋನಿನದಲ್ಲ.

ಎರಡನೆಯದು ತಿಥಿ. ಸೂರ್ಯ ಚಂದ್ರರ ನಡುವಿನ ಪ್ರತಿ 12 ಡಿಗ್ರಿಗೆ ಒಂದು ತಿಥಿ. ಆಕಾಶದಲ್ಲಿ ಕಾಣುವುದಕ್ಕೆ ಹೊಂದಿಸಿದ ದೃಕ್ ಗಣಿತಕ್ಕೂ ಹಳೆಯ ಸೂತ್ರಗಳ ವಾಕ್ಯ ಪದ್ಧತಿಗೂ ಕೆಲವು ಗಂಟೆಗಳ ಅಂತರ ಬರಬಹುದು, ಅಷ್ಟು ಸಾಕು ಹಬ್ಬ ಒಂದು ದಿನ ಆಚೀಚೆ ಆಗಲು. ಇಲ್ಲಿ ಯಾವ ಪದ್ಧತಿ ಬಳಸಿದ್ದಾರೆ ಅಂತ ಎಲ್ಲೂ ಬರೆದಿಲ್ಲ. ನಮಾಜಿಗೆ ಕೊಟ್ಟ ಆಯ್ಕೆಯನ್ನು ಇಲ್ಲೂ ಕೊಡಬೇಕಿತ್ತು.

ಮೂರನೆಯದು ನನ್ನನ್ನು ನಿಜಕ್ಕೂ ಕಾಡಿದ ವಿಷಯ. 'ಧರ್ಮ ಮತ್ತು ವಿಜ್ಞಾನ' ಅಂತ ಒಂದು ಪುಟವಿದೆ. ಅದರ ತುಂಬ, ಭೂಮಿ ಸೂರ್ಯನನ್ನು ಸುತ್ತುತ್ತದೆ ಅಂದಿದ್ದಕ್ಕೆ ಚರ್ಚ್ ನಡೆಸಿದ 1633ರ ಗೆಲಿಲಿಯೋ ವಿಚಾರಣೆ. ಅನ್ಯಾಯ ಆಗಿದ್ದು ನಿಜ. ಇಸ್ತಾಂಬುಲ್‌ನಲ್ಲಿ ಖಗೋಳ ವಿಜ್ಞಾನಿ ತಕಿಯುದ್ದೀನ್ ಕಟ್ಟಿದ ವೀಕ್ಷಣಾಲಯವನ್ನು 1580ರಲ್ಲಿ ಕೆಡವಿದ್ದೂ ನಿಜ. ಆದರೆ ಇಷ್ಟೇನಾ? ಗೆಲಿಲಿಯೋಗೆ ಶಿಕ್ಷೆಯಾದ 22 ವರ್ಷಕ್ಕೆ, ಪೋಪರ ಆಳ್ವಿಕೆಯಲ್ಲೇ ಇದ್ದ ಬೊಲೋನ್ಯಾದ ಸಾನ್ ಪೆಟ್ರೋನಿಯೊ ಚರ್ಚ್‌ನಲ್ಲಿ ಖಗೋಳ ವಿಜ್ಞಾನಿ ಕಾಸಿನಿ ಚಾವಣಿಯ ರಂಧ್ರದಿಂದ ಬಿಸಿಲು ಬಿಟ್ಟು ನೆಲದ ಮೇಲೆ ಉದ್ದಕ್ಕೂ ಗೆರೆ ಹಾಕಿದರು. ಈಸ್ಟರ್‌ಗೆ ಬಳಸುವ ಕ್ಯಾಲೆಂಡರ್ ಆಕಾಶಕ್ಕೆ ಹೊಂದುತ್ತದೆಯೇ ಅಂತ ನೋಡಲು ವಿಷುವದ ದಿನ ಸರಿಯಾಗಿ ಬೇಕಿತ್ತು, ಅದಕ್ಕೆ ಚರ್ಚೇ ವೀಕ್ಷಣಾಲಯವಾಯಿತು. 14ನೇ ಶತಮಾನದಲ್ಲಿ ಡಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ನಮಾಜಿನ ಸಮಯ ಲೆಕ್ಕ ಹಾಕುತ್ತಿದ್ದವರು ಇಬ್ನ್ ಅಲ್ ಶಾತಿರ್. ಅವರ ಚಂದ್ರನ ಗಣಿತ ಮಾದರಿಗೂ ಆಮೇಲೆ ಬಂದ ಕೊಪರ್ನಿಕಸ್ ಮಾದರಿಗೂ ಹೆಚ್ಚು ವ್ಯತ್ಯಾಸವಿಲ್ಲ. ಕೇರಳದ ಖಗೋಳ ಗಣಿತಜ್ಞ ಪರಮೇಶ್ವರ 1431ರಲ್ಲಿ ದೃಗ್ಗಣಿತ ಅನ್ನುವ ಗ್ರಂಥ ರಚಿಸಿದ್ದು ಹಳೆಯ ಲೆಕ್ಕ ಆಕಾಶಕ್ಕೆ ಹೊಂದುತ್ತಿರಲಿಲ್ಲ ಅಂತಲೇ. ಈ ಆ್ಯಪ್ ನಿಂತಿರುವುದೇ ಇಂಥವರ ದುಡಿಮೆಯ ಮೇಲೆ. ಆ ಪುಟದಲ್ಲಿ ಇವರ ಹೆಸರೇ ಇಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಬೇರೆ ಧರ್ಮದವರ ಜೊತೆ ಕೆಲಸ ಮಾಡುವ ಯಾರೇ ಆದರೂ ಹಾಕಿಕೊಳ್ಳಬಹುದು. ಹಾಕಿಕೊಂಡ ಕೂಡಲೇ ಹಿಜರಿ ವಿಭಾಗಕ್ಕೆ ಹೋಗಿ ನೋಟಿಫಿಕೇಶನ್ ಆಫ್ ಮಾಡಿ. ಭೂಪಟ ಹಾಗೇ ಇರಲಿ, ಅದಕ್ಕೆ ಇಂಟರ್‌ನೆಟ್ ಕೂಡ ಬೇಕಿಲ್ಲ.