ಬ್ಲಾಕ್ ಎಂ ನೆಲಮಾಳಿಗೆಯ ಹಳೇ ಕ್ಯಾಸೆಟ್ ಅಂಗಡಿಗಳು

ಇಂಡೋನೇಷ್ಯಾದ ದಕ್ಷಿಣ ಜಕಾರ್ತಾದಲ್ಲಿರುವ ಬ್ಲಾಕ್ ಎಂ ಸ್ಕ್ವೇರ್ ಎಂಬ ಮಾಲ್‌ನ ನೆಲಮಾಳಿಗೆಯಲ್ಲಿ ಹಳೇ ಪುಸ್ತಕದ ಜೊತೆ ಕ್ಯಾಸೆಟ್, ಎಲ್‌ಪಿ (ಗ್ರಾಮಫೋನ್ ತಟ್ಟೆ) ಮಾರುವ ಅಂಗಡಿಗಳ ಸಾಲಿದೆ. ಎಂಆರ್‌ಟಿ (ಅಲ್ಲಿನ ಮೆಟ್ರೋ) ಇಳಿದರೆ ಹತ್ತಿರವೇ. ರೋಮಾ ಇರಾಮಾ ಅವರ ಡಾಂಗ್‌ಡುಟ್ (ಅಲ್ಲಿನ ಜನಪ್ರಿಯ ಸಂಗೀತ ಪ್ರಕಾರ; ನಮ್ಮ ತಬಲಾದ ನೆಂಟಸ್ತಿಕೆ ಕೇಳಿದ ಕೂಡಲೇ ಗೊತ್ತಾಗುತ್ತದೆ), ಗಾಯಕರಾದ ಇವಾನ್ ಫಾಲ್ಸ್, ಕ್ರಿಸ್ಯೆ ಅವರ ಹಾಡುಗಳು ಧಾರಾಳ. ಆದರೆ 'ಬಡಾಯ್ ಪಸ್ತಿ ಬರ್ಲಾಲು' ಆಲ್ಬಂ ಬೇಕೆಂದು ಕೇಳುವಾಗ ಹುಷಾರು: 1977ರ ಸಿನಿಮಾ ಹಾಡುಗಳ ಮೂಲ ಧ್ವನಿಮುದ್ರಣವೇ ಬೇರೆ, ಎರ್ವಿನ್ ಗುತಾವಾ ವಾದ್ಯಸಂಯೋಜನೆಯಲ್ಲಿ ಕ್ರಿಸ್ಯೆ 1999ರಲ್ಲಿ ಮತ್ತೆ ಹಾಡಿದ್ದೇ ಬೇರೆ. ಹೆಸರು ಒಂದೇ.

ಹೊದಿಕೆ ನೋಡಿ ಮರುಳಾಗಬೇಡಿ. ಡಬ್ಬಿ ತೆರೆದು ಟೇಪಿನ ಹಿಂದಿನ ಪುಟ್ಟ ಫೆಲ್ಟ್ ಮೆತ್ತೆ ಇದೆಯೇ ನೋಡಿ. ಅದು ಉದುರಿದ್ದರೆ ತಾರಸ್ಥಾಯಿಯ ಸ್ವರಗಳು ಮಂಕಾಗುತ್ತವೆ. ಐದು ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ ಬೇರೆ ಕ್ಯಾಸೆಟ್ಟಿನ ಮೆತ್ತೆ ಹಾಕಬಹುದು, ಅಂಟಿಸಿದ್ದಾದರೆ ಕಷ್ಟ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಸುರುಳಿಯ ಅಂಚು ಬೆಳ್ಳಗಿದ್ದರೆ ಬೂಷ್ಟು, ಅಲ್ಲಿನ ಸೆಖೆಯ ಕೊಡುಗೆ. ಅದನ್ನು ಹಾಕಿದರೆ ಪ್ಲೇಯರಿನ ಹೆಡ್ಡಿಗೂ (ಟೇಪನ್ನು ಓದುವ ಭಾಗ) ಅಂಟಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಅಂಗಡಿಯಲ್ಲೇ ಎರಡೂ ಬದಿ ಹಾಕಿಸಿ ಕೇಳಿ. ಮನೆಯಲ್ಲಿ ಮೊದಲ ಸಲ ಹಾಕುವ ಮುನ್ನ ಕೊನೆತನಕ ಓಡಿಸಿ, ಹಿಂದಕ್ಕೆ ಸುತ್ತಿ. ಸುರುಳಿಯ ಬಿಗಿ ಸಮನಾಗುತ್ತದೆ. ಚೌಕಾಸಿ ಮಾಡುವುದಾದರೆ ನಾಲ್ಕೈದು ಒಟ್ಟಿಗೆ ಕೊಳ್ಳುವಾಗ ಮಾಡಿ.